ಕಣ್ಣಿಗೆ ಕಾಣದ ಗಾಲಿ

ತಿರುಗುವುದು ಗಾಲಿಯ ಸ್ವಭಾವ; ಆದರೆ ಗಾಲಿಯನ್ನು ತಿರುಗಿಸುವ ಶಕ್ತಿಗಳಲ್ಲಿ ಬಹುಪಾಲಿಗೆ ತಿರುಗುವ ಸ್ವಭಾವವಿಲ್ಲ. ಮನುಷ್ಯನ ಸ್ನಾಯು ಎಳೆಯಬಲ್ಲದು, ಸಡಿಲಗೊಳ್ಳಬಲ್ಲದು. ಉಗಿಯು ಪಿಸ್ಟನ್ನನ್ನು ಮುಂದಕ್ಕೆ ತಳ್ಳಬಲ್ಲದು. ಹೀಗೆ ನೇರವಾಗಿ ಹೋಗಿ ಬರುವ ಚಲನೆಯನ್ನು ಸುತ್ತುವ ಚಲನೆಯನ್ನಾಗಿ ಮಾರ್ಪಡಿಸುವ ಉಪಾಯವು ಯಂತ್ರವಿದ್ಯೆಯ ಬುನಾದಿಯ ಕಲ್ಲುಗಳಲ್ಲಿ ಒಂದು. ಇದನ್ನು ಅರಿಯಲು ದೊಡ್ಡ ಕಾರ್ಖಾನೆಗೆ ಹೋಗಬೇಕಾಗಿಲ್ಲ. ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರದ ಮುಂದೆ ಕುಳಿತ ದರ್ಜಿಯನ್ನು ಗಮನಿಸಿದರೆ ಸಾಕು. ಅವನ ಪಾದದ ಕೆಳಗಿನ ಹಲಗೆ ಮೇಲೆ ಕೆಳಗೆ ಆಡುತ್ತದೆ; ಅದಕ್ಕೆ ಜೋಡಿಸಿದ ಕಡ್ಡಿ ಗಾಲಿಯನ್ನು ಸುತ್ತಿಸುತ್ತದೆ. ಆದರೆ ಪ್ರತಿ ಸುತ್ತಿನಲ್ಲಿಯೂ ಎರಡು ಕಡೆ, ಕಡ್ಡಿಯೂ ಗಾಲಿಯ ನಡುವೂ ಒಂದೇ ಸಾಲಿಗೆ ಬಂದು ನಿಂತಾಗ, ಎಷ್ಟು ತುಳಿದರೂ ಗಾಲಿ ಕದಲದು. ಹೊಲಿಗೆ ಆರಂಭಿಸುವಾಗ ದರ್ಜಿಯು ಮೇಲಿನ ಗಾಲಿಯನ್ನು ಕೈಯಿಂದ ತುಸು ತಿರುಗಿಸಿಕೊಡುವುದು ಈ ಕಾರಣದಿಂದಲೇ. ಒಮ್ಮೆ ವೇಗ ಬಂದ ಮೇಲೆ ಗಾಲಿಯ ಭಾರವೇ ಅದನ್ನು ಈ ನಿಶ್ಚಲ ಬಿಂದುಗಳಿಂದ ದಾಟಿಸುತ್ತದೆ.

ಉಗಿಯಂತ್ರದ ಕಾಲದಲ್ಲಿಯೂ ಇದೇ ಸಮಸ್ಯೆ ಎದುರಾಯಿತು. ಗಣಿಯ ನೀರೆತ್ತಲು ಮೇಲೆ ಕೆಳಗೆ ಆಡುವ ತೊಲೆಯಿದ್ದರೆ ಸಾಕಾಗಿತ್ತು. ಗಿರಣಿಯನ್ನು ನಡೆಸಲು ತಿರುಗುವ ಅಚ್ಚು ಬೇಕಾಯಿತು. ಇಂಗ್ಲೆಂಡಿನಲ್ಲಿ 1780ರಲ್ಲಿ ಜೇಮ್ಸ್ ಪಿಕಾರ್ಡ್ ಎಂಬಾತನು ಉಗಿಯಂತ್ರಕ್ಕೆ ಕ್ರ್ಯಾಂಕ್ ಎಂಬ ವಕ್ರದಂಡವನ್ನು ಅಳವಡಿಸುವ ಹಕ್ಕನ್ನು ಪಡೆದುಕೊಂಡಿದ್ದನು. ಆದ್ದರಿಂದ ಜೇಮ್ಸ್ ವಾಟ್‌ನು 1781ರಲ್ಲಿ ಬೇರೊಂದು ದಾರಿಯನ್ನು ಹುಡುಕಿ, ಒಂದು ಹಲ್ಲುಗಾಲಿಯ ಸುತ್ತ ಮತ್ತೊಂದು ಹಲ್ಲುಗಾಲಿ ಗ್ರಹದಂತೆ ಸುತ್ತುವ ಏರ್ಪಾಟಿಗೆ ಹಕ್ಕನ್ನು ಪಡೆಯಬೇಕಾಯಿತು. ಮುಂದೆ ಬಂದ ರೈಲಿನ ಉಗಿಬಂಡಿಗಳಲ್ಲಿ ಎಡಬಲಗಳ ವಕ್ರದಂಡಗಳನ್ನು ಪರಸ್ಪರ ಲಂಬವಾಗಿ ಇರಿಸಲಾಯಿತು. ಒಂದು ಪಕ್ಕ ನಿಶ್ಚಲ ಬಿಂದುವಿನಲ್ಲಿದ್ದಾಗ ಇನ್ನೊಂದು ಪಕ್ಕ ಪೂರ್ಣ ಬಲದಿಂದ ಎಳೆಯುತ್ತಿರುತ್ತದೆ. ಈ ಸಣ್ಣ ಉಪಾಯವನ್ನು ಓದುಗರು ನೆನಪಿನಲ್ಲಿಡಬೇಕು. ಇನ್ನೂರು ವರ್ಷಗಳ ತರುವಾಯ, ಕೂದಲೆಳೆಗಿಂತ ಕಿರಿದಾದ ಗಾಲಿಯುಳ್ಳ ಒಂದು ಯಂತ್ರದಲ್ಲಿ ಇದೇ ಉಪಾಯವು ಮತ್ತೆ ಕಾಣಿಸಿಕೊಳ್ಳುತ್ತದೆ.

ಯಂತ್ರಗಳು ಎಷ್ಟು ದೊಡ್ಡವಾಗಬಲ್ಲವು ಎಂಬುದು ಹತ್ತೊಂಬತ್ತನೆಯ ಶತಮಾನದ ಕುತೂಹಲವಾಗಿದ್ದರೆ, ಎಷ್ಟು ಚಿಕ್ಕವಾಗಬಲ್ಲವು ಎಂಬುದು ಇಪ್ಪತ್ತನೆಯ ಶತಮಾನದ ಕುತೂಹಲವಾಯಿತು. ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ನರು 1959ರ ಡಿಸೆಂಬರ್ 29ರಂದು ಕ್ಯಾಲಿಫೋರ್ನಿಯಾದಲ್ಲಿ ಮಾಡಿದ ಭಾಷಣದಲ್ಲಿ ಈ ಪ್ರಶ್ನೆಯನ್ನು ವಿದ್ವಾಂಸರ ಮುಂದಿಟ್ಟರು. ಪ್ರತಿ ಪಕ್ಕವೂ ಅಂಗುಲದ 64ರಲ್ಲೊಂದು ಭಾಗದೊಳಗೆ ಇರುವಂಥ ವಿದ್ಯುತ್ ಮೋಟಾರನ್ನು ಮಾಡಿದವರಿಗೆ 1000 ಡಾಲರುಗಳ ಬಹುಮಾನವನ್ನೂ ಸಾರಿದರು. ಮರುವರ್ಷವೇ, 1960ರಲ್ಲಿ, ವಿಲಿಯಂ ಮೆಕ್ಲೆಲನ್ ಎಂಬ ಎಂಜಿನಿಯರು ಆ ಬಹುಮಾನವನ್ನು ಪಡೆದರು. ಸೂಕ್ಷ್ಮದರ್ಶಕದ ಕೆಳಗೆ, ಗಡಿಯಾರ ಮಾಡುವವರ ಲೇಥು, ಚಿಮುಟ, ಮೊನೆ ಮಾಡಿದ ಹಲ್ಲುಕಡ್ಡಿ ಇಂಥ ಸಾಧನಗಳಿಂದ ಅವರು 13 ಭಾಗಗಳ ಮೋಟಾರನ್ನು ಕೈಯಿಂದಲೇ ಜೋಡಿಸಿದ್ದರು. ಫೈನ್‌ಮನ್ನರು ಹಣವನ್ನೇನೋ ಕೊಟ್ಟರು. ಆದರೆ ಹೊಸ ವಿಧಾನವೊಂದು ಹುಟ್ಟಬೇಕೆಂಬ ಅವರ ಆಸೆ ಕೈಗೂಡಿರಲಿಲ್ಲ. ತಾಳ್ಮೆಯುಳ್ಳ ಕೈಯೇ ಗೆದ್ದಿತ್ತು.

ಆ ಭಾಷಣದಲ್ಲಿ ಕೀಲೆಣ್ಣೆಯ ವಿಷಯವೂ ಬಂದಿತ್ತು. ಅತಿ ಸಣ್ಣ ಯಂತ್ರಕ್ಕೆ ಎಣ್ಣೆಯು ಬಹಳ ಮಂದವಾಗಿ ಪರಿಣಮಿಸುತ್ತದೆ; ಆದರೆ ಅಂಥ ಯಂತ್ರದಿಂದ ಶಾಖವು ಬಲುಬೇಗ ಹೊರಬೀಳುವುದರಿಂದ ಅಚ್ಚು ಬಿಸಿಯೇರಲಾರದು; ಆದುದರಿಂದ ಎಣ್ಣೆಯೇ ಇಲ್ಲದೆ ಒಣಗಿಯೇ ನಡೆಸಬಹುದೇನೋ ಎಂಬ ಊಹೆಯನ್ನು ಅವರು ಮಾಡಿದ್ದರು. ಅದೇ ಭಾಷಣದಲ್ಲಿ, ಅತಿ ಸಣ್ಣ ಭಾಗಗಳು ಅಣುಗಳ ಆಕರ್ಷಣೆಯಿಂದ ಒಂದಕ್ಕೊಂದು ಅಂಟಿಕೊಳ್ಳಬಹುದೆಂಬ ಎಚ್ಚರಿಕೆಯೂ ಇತ್ತು. ಊಹೆಯಲ್ಲಿ ಅರ್ಧ ನಿಜವಿತ್ತು. ಉಳಿದರ್ಧವನ್ನು ತಿಳಿಯಲು ನಾಲ್ಕು ದಶಕಗಳು ಹಿಡಿದವು.

ಕೈಯಿಂದ ಮಾಡಲಾಗದ್ದನ್ನು ಬೆಳಕಿನಿಂದ ಮಾಡುವ ವಿಧಾನವು ವಿದ್ಯುನ್ಮಾನ ಉದ್ಯಮದಿಂದ ಬಂತು. ಸಿಲಿಕಾನಿನ ಬಿಲ್ಲೆಯ ಮೇಲೆ ಬೆಳಕಿನ ನೆರವಿನಿಂದ ಚಿತ್ರ ಮೂಡಿಸಿ, ಬೇಡದ ಭಾಗವನ್ನು ರಾಸಾಯನಿಕಗಳಿಂದ ಕರಗಿಸಿ ತೆಗೆಯುವ ವಿದ್ಯೆಯಿಂದ ಗಣಕಯಂತ್ರಗಳ ಬಿಲ್ಲೆಗಳು ತಯಾರಾಗುತ್ತಿದ್ದವು. ಸಿಲಿಕಾನು ವಿದ್ಯುತ್ತಿಗೆ ಮಾತ್ರವಲ್ಲ, ಯಂತ್ರಕ್ಕೂ ಒಳ್ಳೆಯ ದ್ರವ್ಯವೆಂಬುದನ್ನು ಕರ್ಟ್ ಪೀಟರ್‌ಸನ್ನರು 1982ರ ತಮ್ಮ ಪ್ರಸಿದ್ಧ ಲೇಖನದಲ್ಲಿ ವಿಸ್ತಾರವಾಗಿ ತೋರಿಸಿಕೊಟ್ಟರು. 1988ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ, ಹೆಚ್ಚುಕಡಿಮೆ ಕೂದಲಿನ ದಪ್ಪದ ಸಿಲಿಕಾನ್ ಮೋಟಾರೊಂದು ತಿರುಗಿತು. ಅದರ ದೊಡ್ಡ ತೊಡಕು ಘರ್ಷಣೆಯೇ ಆಗಿತ್ತು. ಮರುವರ್ಷ ಅದೇ ವಿಶ್ವವಿದ್ಯಾಲಯದಿಂದ ಇನ್ನೊಂದು ಸಾಧನದ ವರದಿ ಬಂತು. ಅದು ತಿರುಗುವಂಥದಲ್ಲ, ಹಿಂದೆ ಮುಂದೆ ಆಡುವಂಥದು. ಅದರ ಆಕಾರ ಬಾಚಣಿಗೆಯದು.

ಈ ಬಾಚಣಿಗೆಯ ರಚನೆ ಬಹು ಸರಳವಾದುದು. ಎರಡು ಬಾಚಣಿಗೆಗಳ ಹಲ್ಲುಗಳು ಒಂದರ ನಡುವೆ ಒಂದು ಸೇರಿರುತ್ತವೆ, ಆದರೆ ತಾಗುವುದಿಲ್ಲ. ಒಂದು ಬಾಚಣಿಗೆ ಸ್ಥಿರ. ಇನ್ನೊಂದು ತೆಳುವಾದ ಸಿಲಿಕಾನ್ ಪಟ್ಟಿಗಳಿಂದ ತೂಗಿಕೊಂಡಿರುತ್ತದೆ. ವಿದ್ಯುತ್ತಿನ ಒತ್ತಡ ಕೊಟ್ಟೊಡನೆ ಸ್ಥಿರವಾದ ಹಲ್ಲುಗಳು ಚಲಿಸುವ ಹಲ್ಲುಗಳನ್ನು ಒಳಕ್ಕೆ ಎಳೆದುಕೊಳ್ಳುತ್ತವೆ. ಒತ್ತಡವನ್ನು ತೆಗೆದರೆ ಬಾಗಿದ ಪಟ್ಟಿಗಳು ಅದನ್ನು ಮೊದಲಿನ ಸ್ಥಾನಕ್ಕೆ ತರುತ್ತವೆ. ತಲೆಗೂದಲನ್ನು ಬಾಚಿದ ಬಾಚಣಿಗೆಯಿಂದ ಕಾಗದದ ಚೂರನ್ನು ಸೆಳೆಯುವ ಆಟವನ್ನು ಆಡದ ವಿದ್ಯಾರ್ಥಿ ಇರಲಾರನು. ಇಲ್ಲಿ ಕೆಲಸ ಮಾಡುವುದೂ ಅದೇ ಜಾತಿಯ ಬಲ. ದೊಡ್ಡ ಯಂತ್ರಗಳಲ್ಲಿ ಲೆಕ್ಕಕ್ಕೆ ಬಾರದ ಈ ಬಲವು ಮೈಕ್ರಾನಿನ ಅಂತರದಲ್ಲಿ ಅಚ್ಚರಿಯ ಸಾಮರ್ಥ್ಯವನ್ನು ಪಡೆಯುತ್ತದೆ. ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಒಂದು ಮೈಕ್ರಾನ್. ತಲೆಗೂದಲಿನ ದಪ್ಪವು ಸುಮಾರು 70 ಮೈಕ್ರಾನ್.

ಹೋಗಿ ಬರುವ ಈ ಬಾಚಣಿಗೆಗೆ ಗಾಲಿಯನ್ನು ಜೋಡಿಸಿದವರು ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಆಲ್ಬುಕರ್ಕಿಯಲ್ಲಿರುವ ಸ್ಯಾಂಡಿಯಾ ರಾಷ್ಟ್ರೀಯ ಪ್ರಯೋಗಾಲಯದ ಅರ್ನೆಸ್ಟ್ ಗಾರ್ಸಿಯಾ ಮತ್ತು ಜೆಫ್ರಿ ಸ್ನೀಗೋವ್‌ಸ್ಕಿ. ಅವರ ಸೂಕ್ಷ್ಮ ಎಂಜಿನ್ನಿನ ವಿವರವು 1995ರಲ್ಲಿ ಪ್ರಕಟವಾಯಿತು. ಅದರ ಹಲ್ಲುಗಾಲಿಯ ಅಡ್ಡಳತೆ ಸುಮಾರು 50 ಮೈಕ್ರಾನ್. ಒಂದು ಬಾಚಣಿಗೆಯ ಸಮೂಹ ಉದ್ದಕ್ಕೂ ಮತ್ತೊಂದು ಸಮೂಹ ಅದಕ್ಕೆ ಲಂಬವಾಗಿ ಅಡ್ಡಕ್ಕೂ ಎಳೆಯುತ್ತವೆ. ಎರಡರ ಕಡ್ಡಿಗಳೂ ಗಾಲಿಯ ಮೇಲೆ ನಡುವಿನಿಂದ ತುಸು ಸರಿದಿರುವ ಒಂದೇ ಗೂಟಕ್ಕೆ ಸೇರುತ್ತವೆ. ಅಷ್ಟು ಹಗುರವಾದ ಗಾಲಿಯು ಮೊದಲ ಸುತ್ತಿನಲ್ಲಿ ತನ್ನ ಭಾರದಿಂದಲೇ ನಿಶ್ಚಲ ಬಿಂದುವನ್ನು ದಾಟೀತೆಂದು ನಂಬುವಂತಿಲ್ಲ. ಅಲ್ಲಿ ಕೈಕೊಡಲು ದರ್ಜಿಯೂ ಇಲ್ಲ. ಒಂದು ಬಾಚಣಿಗೆಯ ಬಲ ಸೋತಲ್ಲಿ ಮತ್ತೊಂದು ಎತ್ತಿಕೊಳ್ಳಬೇಕು. ಉಗಿಬಂಡಿಯ ಎಡಬಲಗಳ ಉಪಾಯವು ಹೀಗೆ ಕೂದಲೆಳೆಯ ಲೋಕಕ್ಕೆ ಬಂತು. ಗಾಲಿಯು ನಿಮಿಷಕ್ಕೆ ಒಂದು ಲಕ್ಷಕ್ಕೂ ಮೀರಿದ ಸುತ್ತುಗಳನ್ನು ಸುತ್ತಿತು.

ಇಂಥ ಯಂತ್ರದ ಭಾಗಗಳನ್ನು ಯಾರೂ ಕೈಯಿಂದ ಜೋಡಿಸಿದವರಿಲ್ಲ. ಎರಕದ ಕೆಲಸದಲ್ಲಿ ಶಿಲ್ಪಿಯು ಮೇಣದಲ್ಲಿ ಆಕೃತಿಯನ್ನು ರಚಿಸಿ, ಮಣ್ಣು ಮೆತ್ತಿ, ಬಳಿಕ ಮೇಣವನ್ನು ಕರಗಿಸಿ ಹರಿಸಿಬಿಡುವಂತೆ, ಇಲ್ಲಿಯೂ ಮುಂದೆ ಕರಗಿ ಹೋಗಲೆಂದೇ ಹಾಕುವ ಪದರಗಳಿವೆ. ಸಿಲಿಕಾನಿನ ಒಂದು ಪದರ, ಅದರ ಮೇಲೆ ಗಾಜಿನಂಥ ಸಿಲಿಕಾನ್ ಡೈಆಕ್ಸೈಡಿನ ಒಂದು ಪದರ, ಮತ್ತೆ ಸಿಲಿಕಾನ್, ಹೀಗೆ ಒಂದರ ಮೇಲೊಂದು ಬೆಳೆಯುತ್ತವೆ. ಗಾಲಿ, ಅಚ್ಚು, ಕಡ್ಡಿ ಎಲ್ಲವೂ ತಮ್ಮ ತಮ್ಮ ಸ್ಥಾನದಲ್ಲಿಯೇ, ಜೋಡಣೆಗೊಂಡ ಸ್ಥಿತಿಯಲ್ಲಿಯೇ ರೂಪುಗೊಳ್ಳುತ್ತವೆ. ಕೊನೆಗೆ ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಅದ್ದಿದಾಗ ಡೈಆಕ್ಸೈಡು ಕರಗಿ, ಬಂಧನ ಕಳೆದ ಗಾಲಿಯು ತಿರುಗಲು ಸಿದ್ಧವಾಗುತ್ತದೆ.

ಆದರೆ ಬಂಧನ ಕಳೆದ ಗಳಿಗೆಯಲ್ಲಿಯೇ ಮೊದಲ ಅಪಾಯ ಕಾದಿರುತ್ತದೆ. ಒದ್ದೆಯಾದ ಎರಡು ಗಾಜಿನ ಹಲಗೆಗಳು ಒಂದಕ್ಕೊಂದು ಕಚ್ಚಿಕೊಂಡರೆ ಬಿಡಿಸುವುದು ಎಷ್ಟು ಕಷ್ಟವೆಂಬುದು ಎಲ್ಲರಿಗೂ ತಿಳಿದದ್ದೇ. ಆಮ್ಲವನ್ನು ತೊಳೆದ ನೀರು ಒಣಗುವಾಗ ಅದರ ಮೇಲ್ಮೈ ಬಿಗುಪು ಸಣ್ಣ ಪಟ್ಟಿಗಳನ್ನು ಕೆಳಕ್ಕೆ ಎಳೆದು ನೆಲಕ್ಕೆ ಅಂಟಿಸಿಬಿಡುತ್ತದೆ. ಇದನ್ನು ತಪ್ಪಿಸಲು ಅಧಿಕ ಒತ್ತಡದ ಇಂಗಾಲದ ಡೈಆಕ್ಸೈಡಿನಲ್ಲಿ ಒಣಗಿಸುವುದು, ಮೇಲ್ಮೈಗೆ ಒಂದೇ ಅಣುವಿನ ದಪ್ಪದ ನೀರಂಟದ ಲೇಪವನ್ನು ಹಚ್ಚುವುದು ಮೊದಲಾದ ಕ್ರಮಗಳನ್ನು ಕಂಡುಕೊಳ್ಳಬೇಕಾಯಿತು.

ಇದಕ್ಕೆಲ್ಲ ಮೂಲ ಕಾರಣವು ಒಂದು ಸರಳ ಗಣಿತದಲ್ಲಿದೆ. 5 ಸೆಂಟಿಮೀಟರಿನ ಗಾಲಿಯನ್ನು 50 ಮೈಕ್ರಾನಿಗೆ ಇಳಿಸಿದರೆ ಅದರ ಉದ್ದಳತೆ ಸಾವಿರದಲ್ಲೊಂದು ಪಾಲಾಗುತ್ತದೆ. ಆಗ ಅದರ ಮೇಲ್ಮೈ ಹತ್ತು ಲಕ್ಷದಲ್ಲೊಂದು ಪಾಲಿಗೆ ಇಳಿಯುತ್ತದೆ; ತೂಕವಾದರೋ ನೂರು ಕೋಟಿಯಲ್ಲೊಂದು ಪಾಲಿಗೆ ಇಳಿಯುತ್ತದೆ. ಎಂದರೆ ತೂಕಕ್ಕೆ ಹೋಲಿಸಿದಾಗ ಮೇಲ್ಮೈಯ ಪಾಲು ಸಾವಿರ ಪಟ್ಟು ಏರಿದಂತಾಯಿತು. ದೊಡ್ಡ ಗಾಲಿಯ ಲೋಕದಲ್ಲಿ ಭಾರವು ಅರಸನಾದರೆ, ಸಣ್ಣ ಗಾಲಿಯ ಲೋಕದಲ್ಲಿ ಮೇಲ್ಮೈಯೇ ಅರಸು. ಮರದಿಂದ ಬಿದ್ದ ಇರುವೆ ಎದ್ದು ನಡೆದುಹೋಗುತ್ತದೆ. ಆದರೆ ಒಂದು ಹನಿ ನೀರಿನಲ್ಲಿ ಸಿಕ್ಕಿಕೊಂಡರೆ ಒದ್ದಾಡುತ್ತದೆ. ಸಣ್ಣದು ದೊಡ್ಡದರ ಕಿರುಪ್ರತಿ ಮಾತ್ರ ಎಂದು ಬಗೆದವರಿಗೆ ಈ ಗಾಲಿಯು ಕಲಿಸಿದ ಮೊದಲ ಪಾಠವಿದು.

ಎರಡನೆಯ ಪಾಠವು ಗಾಲಿ ತಿರುಗತೊಡಗಿದ ಮೇಲೆ ಬಂತು. ಲಕ್ಷ ಸುತ್ತುಗಳ ವೇಗವನ್ನು ಜಗತ್ತಿಗೆ ತೋರಿಸಿ ಕೀರ್ತಿ ಪಡೆದು ಸುಮ್ಮನಾಗಬಹುದಿತ್ತು. ಆ ಪ್ರಯೋಗಾಲಯದವರು ಹಾಗೆ ಮಾಡಲಿಲ್ಲ. ಎಂಜಿನ್ನು ಹೇಗೆ ಸಾಯುತ್ತದೆ ಎಂಬುದನ್ನು ತಿಳಿಯಲು ಹೊರಟರು. ನೂರಾರು ಎಂಜಿನ್ನುಗಳನ್ನು ಏಕಕಾಲದಲ್ಲಿ ನಡೆಸಿ ಪರೀಕ್ಷಿಸಬಲ್ಲ ಉಪಕರಣವೊಂದನ್ನು ರಚಿಸಿಕೊಂಡು, ಒಂದೊಂದೂ ಎಷ್ಟು ಸುತ್ತಿ ನಿಂತಿತೆಂಬುದನ್ನು ದಾಖಲಿಸಿದರು. ನಿಂತವುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದರು. ಬಾಚಣಿಗೆಗಳು ಬಹುಮಟ್ಟಿಗೆ ನಿರ್ದೋಷಿಗಳಾಗಿದ್ದವು, ಏಕೆಂದರೆ ಅವು ಒಂದನ್ನೊಂದು ಮುಟ್ಟುವುದೇ ಇಲ್ಲ. ಹಾನಿಯಾದದ್ದು ಕಡ್ಡಿಯು ಗಾಲಿಯನ್ನು ಹಿಡಿದಿರುವ ಗೂಟದಲ್ಲಿ, ಗಾಲಿಯು ಸುತ್ತುವ ಅಚ್ಚಿನಲ್ಲಿ. ನೇರ ಚಲನೆಯು ಸುತ್ತು ಚಲನೆಯಾಗುವ ಆ ಸಂಧಿಯಲ್ಲಿಯೇ ಸಿಲಿಕಾನ್ ಸಿಲಿಕಾನನ್ನು ಉಜ್ಜಿ, ನುಣ್ಣನೆಯ ಹುಡಿ ಉದುರಿತ್ತು. ಆ ಹುಡಿಯು ಆಮ್ಲಜನಕದೊಡನೆ ಕೂಡಿದ ಸಿಲಿಕಾನೆಂದು ಪರೀಕ್ಷೆಯಿಂದ ತಿಳಿದುಬಂತು. ಎಂಜಿನ್ನಿನ ಸಾವಿಗೆ ಮುಖ್ಯ ಕಾರಣ ಸವಕಳಿ ಎಂಬ ನಿರ್ಣಯಕ್ಕೆ ಅವರು ಬಂದರು.

1999ರಲ್ಲಿ ಪ್ರಕಟವಾದ ಅವರ ಮತ್ತೊಂದು ವರದಿಯು ಇನ್ನಷ್ಟು ವಿಚಿತ್ರವಾದುದನ್ನು ಹೇಳಿತು. ಗಾಳಿಯ ತೇವಾಂಶ ಕಡಿಮೆಯಾದಷ್ಟೂ ಹುಡಿ ಹೆಚ್ಚುತ್ತಿತ್ತು. ತೇವಾಂಶ ಹೆಚ್ಚಿದ್ದಾಗ ಸಿಲಿಕಾನಿನ ಮೇಲ್ಮೈಯಲ್ಲಿ ಉಂಟಾಗುವ ಹೈಡ್ರಾಕ್ಸೈಡು ಕೀಲೆಣ್ಣೆಯಂತೆ ವರ್ತಿಸುತ್ತಿರಬಹುದೆಂದು ಅವರು ಭಾವಿಸಿದರು. ಒಣಗಿಸುವಾಗ ಶತ್ರುವಾಗಿದ್ದ ನೀರು ಉಜ್ಜುವಾಗ ಮಿತ್ರನಾಗಿತ್ತು. ಹಾಗೆಂದು ಹುಡಿ ಹೆಚ್ಚಿದಷ್ಟೂ ಆಯುಷ್ಯ ಕುಗ್ಗಿತೆಂದೂ ಹೇಳುವಂತಿರಲಿಲ್ಲ; ಬಹಳ ಹುಡಿ ಉದುರಿಸಿಯೂ ಉಳಿದವುಗಳಷ್ಟೇ ಬಾಳಿದ ಎಂಜಿನ್ನುಗಳಿದ್ದವು. ಅನುಕೂಲವಾದುದನ್ನು ಮಾತ್ರ ಆರಿಸಿ ಬರೆಯದೆ, ಕಂಡದ್ದನ್ನು ಕಂಡಂತೆ ಬರೆದಿಟ್ಟ ಈ ವರದಿಗಳು ಆ ವೇಗದ ದಾಖಲೆಗಿಂತ ಹೆಚ್ಚು ಬೆಲೆಯುಳ್ಳವು. ಒಣ ಅಚ್ಚು ಬಿಸಿಯೇರಲಾರದು ಎಂಬ 1959ರ ಮಾತಿಗೆ ಇದರಿಂದ ಭಂಗ ಬರಲಿಲ್ಲ. ಅಚ್ಚನ್ನು ತಿಂದದ್ದು ಬಿಸಿಯಲ್ಲ, ಸವಕಳಿ. ಆದರೆ ಬಿಸಿಯಾಗದಿದ್ದರೆ ಕೀಲೆಣ್ಣೆ ಬೇಡವೆಂಬ ಭರವಸೆಯು ಮಾತ್ರ ಉಳಿಯಲಿಲ್ಲ.

ಇಷ್ಟು ಸಣ್ಣ ಯಂತ್ರದ ಸಾವು ಬಾಳುಗಳಿಗೆ ಇಷ್ಟೊಂದು ಮಹತ್ವವೇಕೆ ಎಂದು ಯಾರಾದರೂ ಕೇಳಬಹುದು. ಸ್ಯಾಂಡಿಯಾ ಪ್ರಯೋಗಾಲಯವು ಅಮೆರಿಕದ ಪರಮಾಣು ಅಸ್ತ್ರಗಳ ಪರಮಾಣುವಲ್ಲದ ಭಾಗಗಳನ್ನೂ ಅವುಗಳ ಸುರಕ್ಷತಾ ಸಾಧನಗಳನ್ನೂ ರೂಪಿಸುವ ಸಂಸ್ಥೆ. ಸರಿಯಾದ ಸಂಕೇತ ಬಂದಾಗ ಮಾತ್ರ ಹಲ್ಲುಗಾಲಿಗಳು ಹೆಜ್ಜೆ ಹೆಜ್ಜೆಯಾಗಿ ತಿರುಗಿ ತೆರೆದುಕೊಳ್ಳುವ, ತಪ್ಪು ಸಂಕೇತ ಬಂದರೆ ಸಿಕ್ಕಿಕೊಂಡು ನಿಲ್ಲುವ ಸೂಕ್ಷ್ಮ ಬೀಗಗಳನ್ನು ಅಲ್ಲಿ ರೂಪಿಸಲಾಯಿತು. ಗಣಕಯಂತ್ರಗಳನ್ನು ಅನ್ಯರ ಪ್ರವೇಶದಿಂದ ಕಾಯಲು ಇಂಥದೊಂದು ಬೀಗವನ್ನು 1998ರಲ್ಲಿ ಅವರು ಪ್ರಕಟಪಡಿಸಿದರು. ಬೀಗದ ಧರ್ಮವು ಎಂಜಿನ್ನಿನ ಧರ್ಮಕ್ಕಿಂತ ಕಠಿಣವಾದುದು. ಅದು ವರ್ಷಾನುಗಟ್ಟಲೆ ಅಲುಗದೆ ಕಾದಿರಬೇಕು; ಕರೆದ ದಿನ, ಕರೆದ ಗಳಿಗೆಯಲ್ಲಿ, ಕರೆದಷ್ಟೇ ತಿರುಗಬೇಕು. ಅಂಟಿಕೊಂಡರೂ ದೋಷ, ಜಾರಿದರೂ ದೋಷ. ಅಂಥ ಕಡೆ ಮೈಕ್ರಾನಿನಷ್ಟು ಹುಡಿಯೂ ಅಲಕ್ಷಿಸುವ ವಸ್ತುವಲ್ಲ.

ಈ ಅನುಭವಗಳ ಬಳಿಕ ಸೂಕ್ಷ್ಮಯಂತ್ರಗಳ ಉದ್ಯಮವು ಹಿಡಿದ ದಾರಿಯನ್ನು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಬಾಚಣಿಗೆಯು ಮನೆಮನೆಗೂ ಬಂತು; ಗಾಲಿಯು ಬರಲಿಲ್ಲ. 1990ರ ದಶಕದ ಆರಂಭದಲ್ಲಿ ಮೋಟಾರು ಕಾರುಗಳ ಗಾಳಿಚೀಲಗಳಿಗಾಗಿ ಮಾರುಕಟ್ಟೆಗೆ ಬಂದ ವೇಗೋತ್ಕರ್ಷಮಾಪಕದೊಳಗೆ ಇರುವುದು ತೂಗುವ ಸಿಲಿಕಾನ್ ತುಂಡು ಮತ್ತು ಬಾಚಣಿಗೆಯ ಹಲ್ಲುಗಳು. ಮೊಬೈಲ್ ಫೋನನ್ನು ಅಡ್ಡ ಹಿಡಿದೊಡನೆ ಚಿತ್ರವೂ ಅಡ್ಡವಾಗುವುದು ಇದೇ ವಂಶದ ಸಾಧನದಿಂದ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಲ್ಯಾರಿ ಹಾರ್ನ್‌ಬೆಕ್ಕರು 1987ರಲ್ಲಿ ಕಂಡುಹಿಡಿದ, ಚಿತ್ರಮಂದಿರಗಳ ಪರದೆಯನ್ನು ಬೆಳಗಿಸುವ ಸೂಕ್ಷ್ಮ ಕನ್ನಡಿಗಳು ತೆಳುವಾದ ಪಟ್ಟಿಯ ತಿರುಚುವಿಕೆಯಿಂದ ಓಲಾಡುತ್ತವೆ. ಅಚ್ಚಿನ ಮೇಲೆ ಸುತ್ತುವುದಿಲ್ಲ. ಬಾಗುವುದರಲ್ಲಿ ಉಜ್ಜಾಟವಿಲ್ಲ; ಉಜ್ಜಾಟವಿಲ್ಲದಲ್ಲಿ ಹುಡಿಯಿಲ್ಲ. ಕೀಲುಗಳಿಲ್ಲದೆ ಬಾಗುವಿಕೆಯಿಂದಲೇ ಕೆಲಸ ಮಾಡುವ ಯಂತ್ರರಚನೆಗಳ ಬಗ್ಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಜಿ. ಕೆ. ಅನಂತಸುರೇಶರು ದೀರ್ಘಕಾಲ ಸಂಶೋಧನೆ ನಡೆಸಿದ್ದಾರೆ. 2010ರಲ್ಲಿ ಅವರಿಗೆ ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿಯೂ ಸಂದಿತು.

ಹಾಗಾದರೆ ಅಷ್ಟು ಕಿರಿದಾದ ಲೋಕದಲ್ಲಿ ಗಾಲಿಗೆ ಸ್ಥಾನವೇ ಇಲ್ಲವೆನ್ನಬೇಕೆ? ಈ ಪ್ರಶ್ನೆಗೆ ಉತ್ತರವು ಕಾರ್ಖಾನೆಯಲ್ಲಿಲ್ಲ, ಜೀವಕೋಶದಲ್ಲಿದೆ. ಪ್ರತಿಯೊಂದು ಜೀವಿಯ ಶಕ್ತಿಭಂಡಾರವಾದ ಎಟಿಪಿ ಎಂಬ ಅಣುವನ್ನು ತಯಾರಿಸುವ ಕಿಣ್ವವು ತಿರುಗುವ ಯಂತ್ರವೇ ಆಗಿದೆ. ಅದರ ಅಗಲ ಸುಮಾರು 10 ನ್ಯಾನೋಮೀಟರ್. ಸ್ಯಾಂಡಿಯಾದ ಹಲ್ಲುಗಾಲಿಯು ಅದಕ್ಕಿಂತ 5000 ಪಟ್ಟು ದೊಡ್ಡದು. ಕೋಶಪೊರೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಸಾಗುವ ಪ್ರೋಟಾನುಗಳ ಪ್ರವಾಹವು, ನೀರು ಹರಿದು ಗಿರಣಿಯ ಚಕ್ರವನ್ನು ತಿರುಗಿಸುವಂತೆ, ಇದರ ನಡುವಿನ ಭಾಗವನ್ನು ತಿರುಗಿಸುತ್ತದೆ. 1997ರಲ್ಲಿ ಜಪಾನಿನ ವಿಜ್ಞಾನಿಗಳು ಈ ಕಿಣ್ವದ ಒಂದು ಭಾಗಕ್ಕೆ ಹೊಳೆಯುವ ಎಳೆಯೊಂದನ್ನು ಅಂಟಿಸಿ, ಎಟಿಪಿಯನ್ನು ಉಣಿಸಿದಾಗ ಆ ಎಳೆ ಸುತ್ತುವುದನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಂಡರು. ಬ್ಯಾಕ್ಟೀರಿಯಾಗಳು ಈಜಲು ಬಳಸುವ ಬಾಲದ ಬುಡದಲ್ಲಿಯೂ ಸುಮಾರು 45 ನ್ಯಾನೋಮೀಟರಿನ ಮೋಟಾರಿದೆ. ಅದು ಸೆಕೆಂಡಿಗೆ ನೂರಕ್ಕೂ ಹೆಚ್ಚು ಸುತ್ತು ಸುತ್ತಬಲ್ಲದು.

ಈ ಮೋಟಾರಿಗೂ ಸವಕಳಿಯಿಲ್ಲವೇ ಎಂಬ ಸಂದೇಹ ಸಹಜವಾದುದು. ಆಕ್ಸ್‌ಫರ್ಡಿನ ವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಇದಕ್ಕೊಂದು ಸುಳಿವಿದೆ. ಬ್ಯಾಕ್ಟೀರಿಯಾದ ಮೋಟಾರನ್ನು ಸುತ್ತಿಸುವ ಹೊರಭಾಗದ ಘಟಕಗಳು ಅಲ್ಲಿಯೇ ಶಾಶ್ವತವಾಗಿ ನೆಲೆ ನಿಂತವುಗಳಲ್ಲ. ಮೋಟಾರು ತಿರುಗುತ್ತಿರುವಾಗಲೇ ಒಂದು ಘಟಕ ಕಳಚಿ ಪೊರೆಯೊಳಗೆ ಸೇರಿಹೋಗುತ್ತದೆ, ಬೇರೊಂದು ಬಂದು ಅದರ ಸ್ಥಾನವನ್ನು ಹಿಡಿಯುತ್ತದೆ. ಓಡುತ್ತಿರುವ ಬಂಡಿಯ ಕೀಲುಗಳನ್ನು ಬಂಡಿ ನಿಲ್ಲಿಸದೆಯೇ ಬದಲಿಸಿದಂತೆ! ಸಿಲಿಕಾನಿನ ಗಾಲಿಯು ಎಷ್ಟೇ ನಯವಾಗಿ ರೂಪುಗೊಂಡಿದ್ದರೂ ಹುಟ್ಟಿದ ದಿನದ ಭಾಗಗಳಿಂದಲೇ ಕೊನೆಯವರೆಗೂ ದುಡಿಯಬೇಕು. ಕಳೆದುಕೊಂಡ ಹುಡಿಯನ್ನು ಅದು ಮರಳಿ ಪಡೆಯಲಾರದು.

ಆದುದರಿಂದ ಕಣ್ಣಿಗೆ ಕಾಣದ ಲೋಕದಲ್ಲಿ ಗಾಲಿಯನ್ನು ತಿರುಗಿಸುವುದು ದೊಡ್ಡ ಸಮಸ್ಯೆಯಲ್ಲ. ತಿರುಗುತ್ತಲೇ ಇರುವಂತೆ ಮಾಡುವುದು ದೊಡ್ಡ ಸಮಸ್ಯೆ. ಮೊದಲನೆಯದನ್ನು ಕೌಶಲವು ಸಾಧಿಸಿತು. ಎರಡನೆಯದಕ್ಕೆ ಇರುವ ದಾರಿಗಳು ಇದುವರೆಗೆ ಕಂಡಂತೆ ಎರಡು: ಉಜ್ಜದೆ ಬಾಗುವುದು, ಇಲ್ಲವೇ ಸವೆದುದನ್ನು ಕ್ಷಣಕ್ಷಣವೂ ಹೊಸದಾಗಿಸಿಕೊಳ್ಳುವುದು. ಉದ್ಯಮವು ಮೊದಲ ದಾರಿಯನ್ನು ಹಿಡಿದಿದೆ. ಜೀವಕೋಶವು ಎಂದಿನಿಂದಲೋ ಎರಡನೆಯದರಲ್ಲಿ ನಡೆದುಬಂದಿದೆ. ಆ ಎರಡನೆಯ ದಾರಿಯಲ್ಲಿ ನಡೆಯಬಲ್ಲ ಯಂತ್ರವನ್ನು ಮುಂದೊಂದು ದಿನ ರಚಿಸುವವರು ಇಂದು ಯಾವುದೋ ಶಾಲೆಯ ಬೆಂಚಿನ ಮೇಲೆ ಕುಳಿತಿರಬಹುದು. ಅವರು ಕಲಿಯಬೇಕಾದುದು ಆಲ್ಬುಕರ್ಕಿಯ ಎಂಜಿನ್ನು ಎಷ್ಟು ವೇಗವಾಗಿ ತಿರುಗಿತು ಎಂಬುದಕ್ಕಿಂತ ಹೆಚ್ಚಾಗಿ, ಅದು ಏಕೆ ನಿಂತಿತು ಎಂಬುದನ್ನು. ಅದನ್ನು ಮುಚ್ಚಿಡದೆ ಬರೆದಿಟ್ಟವರ ಉಪಕಾರವೂ ಸಣ್ಣದಲ್ಲ.